ಕಂಬಳಿ ಕಳಚಿದ ಸಿಂಹ

ಮಲೆಂಬಾಳನ್ನು ಮಾತಾಡಿಸಬೇಕೆಂದರೆ ಕತ್ತು ಎತ್ತಲೇಬೇಕಿತ್ತು. ತ್ಸಾವೊ ಸೀಮೆಯ ಸಗಲ್ಲಾ ಗುಡ್ಡದಿಂದ ಮೂಡಲಿಗೆ, ನಮ್ಮ ಸೊಸೈಟಿಯ ದನದ ಕಾವಲಿನಲ್ಲಿ ಒಂದು ಕೊಳವೆಬಾವಿ ಇದೆ. ಪಕ್ಕದಲ್ಲಿ ನಾಲ್ಕು ಕಬ್ಬಿಣದ ಕಾಲುಗಳ ಮೇಲೆ ನಿಂತ ನೀರಿನ ಟ್ಯಾಂಕು. ಟ್ಯಾಂಕಿನ ಅಡಿಯ ಹಲಗೆಯ ಮೇಲೆ, ನೆಲದಿಂದ ಮೂರಾಳೆತ್ತರದಲ್ಲಿ, ಆಕೆ ಕಾಲು ಇಳಿಬಿಟ್ಟು ಕೂತು ಕತ್ತಾಳೆ ನಾರಿನ ಬುಟ್ಟಿ ಹೆಣೆಯುತ್ತಿದ್ದಳು. ನಾನು ಟ್ಯಾಂಕರ್ ತಂದು ನಿಲ್ಲಿಸಿ, "ಅಕ್ಕಾ, ನೀರು ಬಿಡು" ಎಂದು ಕೂಗಿದರೆ ಮೇಲಿನಿಂದ ಉತ್ತರ ಬರುತ್ತಿತ್ತು: "ಗಂಟಲು ಹರ್ಕೋಬೇಡ ಕಣೋ ಮ್ವಚೋಫಿ. ಪೊದೆ ಹಿಂದೆ ಇಬ್ರು ಮಲಗಿದಾರೆ."

ಇಬ್ಬರು ಎಂದರೆ ಸಿಂಹಗಳು. ನಾನು ಗಾಜು ಏರಿಸಿಕೊಂಡು ಕೂರುತ್ತಿದ್ದೆ. ಆಕೆ ಇನ್ನೂ ಎರಡು ಸಾಲು ಹೆಣೆದು, "ಹೋದ್ರು. ಇಳಿ ಇನ್ನು, ಧೀರ" ಎಂದ ಮೇಲೆಯೇ ನಾನು ಪೈಪು ಜೋಡಿಸುವುದು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಆ ಬಾವಿಯ ಪಂಪು ಮೊದಲು ಆಕೆಯ ಅಪ್ಪನ ಕೈಯಲ್ಲಿತ್ತು. ಅಪ್ಪ ತೀರಿಕೊಂಡಾಗ ಸೊಸೈಟಿಯ ಹಿರಿಯರು, ಗಂಡಸೊಬ್ಬನನ್ನು ಹುಡುಕೋಣ, ಎಂಜಿನ್ನು ಹೆಂಗಸರ ಕೈಗೆ ಬಗ್ಗುವಂಥದ್ದಲ್ಲ ಎಂದು ತೀರ್ಮಾನಿಸಿದರು. ಅದೇ ವಾರ ಎಂಜಿನ್ನು ನಿಂತುಹೋಯಿತು. ಪೇಟೆಯಿಂದ ಬಂದ ಇಬ್ಬರು ಮೆಕ್ಯಾನಿಕ್ಕುಗಳು ಅದರ ಕರುಳೆಲ್ಲ ಬಿಚ್ಚಿ ಗೋಣಿಯ ಮೇಲೆ ಹರಡಿ, ಮತ್ತೆ ಜೋಡಿಸಿದರು. ಊಹೂಂ. ನಾನೂರು ದನ ಒಣ ತೊಟ್ಟಿಯ ಮುಂದೆ ನಿಂತು ಒರಲುತ್ತಿದ್ದವು. ಮೂರನೆಯ ದಿನ ಮಲೆಂಬಾ ಬಂದು, ಹೊಗೆ ಕೊಳವೆಯೊಳಗೆ ಒಂದು ಕಡ್ಡಿ ತೂರಿಸಿ, ಕುಂಬಾರ ಹುಳ ಕಟ್ಟಿದ್ದ ಮುಷ್ಟಿಗಾತ್ರದ ಮಣ್ಣಿನ ಗೂಡನ್ನು ಕೆಡವಿದಳು. ಹ್ಯಾಂಡಲ್ ತಿರುಗಿಸಿದಳು. ಎಂಜಿನ್ನು ಗುಡುಗಿತು. ಹಿರಿಯರು ಮುಖ ಮುಖ ನೋಡಿಕೊಂಡರು. "ಅಪ್ಪ ಹೇಳಿಕೊಟ್ಟಿದ್ನೇನಮ್ಮಾ?" ಎಂದು ಅಧ್ಯಕ್ಷರು ಕೇಳಿದ್ದಕ್ಕೆ, "ಇಲ್ಲ ತಾತ, ಹುಳ ಒಳಗೆ ಹೋಗೋದು ನೋಡಿದ್ದೆ" ಎಂದಳು. ಅಂದಿನಿಂದ ಪಂಪು ಅವಳದ್ದೇ.

ಅವಳದೆಲ್ಲ ಅಷ್ಟೇ. ನೋಡುತ್ತಿದ್ದಳು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವಳಿಗೆ ಕಣ್ಣೇ ಪುಸ್ತಕ, ಬುಟ್ಟಿಯೇ ಬರವಣಿಗೆ.

ತೊಟ್ಟಿಗೆ ಹಗಲು ದನ ಬರುತ್ತಿದ್ದವು. ದನ ಹೋದ ಮೇಲೆ ಆನೆ, ಜೀಬ್ರಾ, ಸಿಂಹ. ಟ್ಯಾಂಕಿನಡಿ ಕೂತವಳಿಗೆ ಸಿಂಹಗಳ ಮುಖ ಅಂಗೈ ಗೆರೆಯಷ್ಟು ಪರಿಚಯ. ಸಿಂಹದ ಮೀಸೆ ಬುಡದಲ್ಲಿ ಕಪ್ಪು ಚುಕ್ಕಿಗಳ ಸಾಲುಗಳಿರುತ್ತವೆ. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಒಂದೋ ಎರಡೋ ಮೂರೋ ಚುಕ್ಕಿ ಮಾತ್ರ. ಆ ಚುಕ್ಕಿಗಳು ಎಷ್ಟು, ಎಲ್ಲಿ ಕೂತಿವೆ ಎನ್ನುವುದು ಒಂದು ಸಿಂಹದ್ದಿದ್ದಂತೆ ಇನ್ನೊಂದರದ್ದಿರುವುದಿಲ್ಲ; ಹುಟ್ಟಿದಾಗ ಬಂದದ್ದು ಸಾಯುವವರೆಗೂ ಬದಲಾಗುವುದೂ ಇಲ್ಲ. ಅಪ್ಪ ಅದನ್ನು ಬಾಯಲ್ಲಿ ಹೇಳಿಕೊಟ್ಟಿದ್ದ. ಮಗಳು ಬುಟ್ಟಿಗೆ ಇಳಿಸಿದಳು. ಒಂದು ಬುಟ್ಟಿಗೆ ಒಂದು ಸಿಂಹ: ಬಿಳಿ ನಾರಿನ ನಡುವೆ ಕಪ್ಪು ನಾರಿನ ಚುಕ್ಕಿ, ಒಂದು ಪಕ್ಕಕ್ಕೆ ಎಡಗೆನ್ನೆ, ಇನ್ನೊಂದು ಪಕ್ಕಕ್ಕೆ ಬಲಗೆನ್ನೆ. ಕೊಂಡವರು ಚಂದದ ಚಿತ್ತಾರವೆಂದು ಕೊಳ್ಳುತ್ತಿದ್ದರು. ಗುಡ್ಡದ ಮೇಲಿನ ಲಾಡ್ಜಿನ ಅಂಗಡಿಯಲ್ಲಿ ಅವು ಸಾಲಾಗಿ ತೂಗುತ್ತಿದ್ದವು.

ಲಾಡ್ಜಿಗೆ ಬರುವ ಪ್ರವಾಸಿಗಳದ್ದು ಒಂದೇ ಗೋಳು. ಇಲ್ಲಿ ಗಂಡು ಸಿಂಹವೇ ಇಲ್ಲವಲ್ಲ! ಗಂಡು ಇತ್ತು, ಬೇಕಾದಷ್ಟಿತ್ತು. ಆದರೆ ತ್ಸಾವೊದ ಗಂಡಿಗೆ ಕೇಸರವೆಂಬುದು ಹೆಸರಿಗೆ ಮಾತ್ರ. ಕೆನ್ನೆ ಪಕ್ಕ ಒಂದಿಷ್ಟು ಕುಚ್ಚು, ಎದೆಯ ಮೇಲೆ ಒಂದು ಎಳೆ, ನೆತ್ತಿಯಲ್ಲಿ ಒಂದು ಗೆರೆ. ಕೆಲವಕ್ಕೆ ಅದೂ ಇಲ್ಲ. ಲಾಡ್ಜಿನಲ್ಲಿ ಒಮೊಲ್ಲೊ ಎಂಬ ಗೈಡು, ಪಡುವಲ ಸರೋವರದ ಸೀಮೆಯವನು, ಮಾತಿನ ಮಲ್ಲ. ಒಮ್ಮೆ ಟ್ಯಾಂಕಿನ ಕೆಳಗೆ ಜೀಪು ನಿಲ್ಲಿಸಿ, "ಏನಕ್ಕಾ, ನಿಮ್ಮೂರ ಗಂಡುಗಳೆಲ್ಲ ಕ್ಷೌರ ಮಾಡಿಸ್ಕೊಂಡು ಬರ್ತಾರಾ?" ಎಂದ.

"ಕ್ಷೌರ ಮಾಡೋದು ನಮ್ಮ ಮುಳ್ಳು," ಎಂದಳು ಮಲೆಂಬಾ. "ಈ ಬಿಸಿಲಲ್ಲಿ ಕುತ್ತಿಗೆ ಸುತ್ತ ಗೋಣಿ ಸುತ್ಕೊಂಡು ನೀನು ಒಂದು ಜೀಬ್ರಾ ಅಟ್ಟಿಸ್ಕೊಂಡು ಹೋಗು ನೋಡೋಣ. ಆಯಾ ನೆಲ ಆಯಾ ಬಟ್ಟೆ ಹೊಲಿದು ಕೊಡುತ್ತೆ ಕಣಯ್ಯ. ಪುಸ್ತಕದಲ್ಲಿರೋ ಚಿತ್ರ ತಂಪು ಸೀಮೆ ಸಿಂಹದ್ದು."

ಆ ತಂಪು ಸೀಮೆಯ ಸಿಂಹವೇ ಒಂದು ದಿನ ನಮ್ಮಲ್ಲಿಗೆ ಬಂತು. ಬಡಗಲ ಬೆಟ್ಟಗಳಲ್ಲಿ, ಬೆಳಗ್ಗೆ ಹುಲ್ಲಿನ ಮೇಲೆ ಮಂಜು ಹೆಪ್ಪುಗಟ್ಟುವ ಕಡೆ, ಒಂದು ಗಂಡು ಮತ್ತೆ ಮತ್ತೆ ದನ ಹಿಡಿಯುತ್ತಿತ್ತಂತೆ. ವನ್ಯಜೀವಿ ಇಲಾಖೆಯವರು ಅದನ್ನು ಹಿಡಿದು, ಕುತ್ತಿಗೆಗೆ ರೇಡಿಯೋ ಪಟ್ಟಿ ಬಿಗಿದು, ಕಬ್ಬಿಣದ ಪೆಟ್ಟಿಗೆಯಲ್ಲಿ ತಂದು ನಮ್ಮ ಕಾವಲಿನ ಅಂಚಿಗೆ ಬಿಟ್ಟರು. ಪೆಟ್ಟಿಗೆಯ ಬಾಗಿಲು ಎತ್ತಿದಾಗ ನಾನೂ ಅಲ್ಲಿದ್ದೆ. ಹೊರಬಂದ ಪ್ರಾಣಿಯನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಹೆಗಲು ದಾಟಿ ಹೊಟ್ಟೆಯವರೆಗೂ ಇಳಿದ ಕಡುಗಪ್ಪು ಕೇಸರ! ಲಾಡ್ಜಿನವರು ಫೋಟೋ ತೆಗೆದೇ ತೆಗೆದರು. ಒಮೊಲ್ಲೊ ಅದಕ್ಕೆ ಸುಲ್ತಾನ್ ಎಂದು ಹೆಸರಿಟ್ಟ. ನೇರ ಎದುರಿಗೆ ಮುಖ ಮಾಡಿದ, ಆಳೆತ್ತರದ ಒಂದು ಫೋಟೋ ಲಾಡ್ಜಿನ ಬಾಗಿಲಲ್ಲೇ ಮೇಲೇರಿತು.

ಮಲೆಂಬಾ ಮೊದಲ ಸಲ ಅದನ್ನು ತೊಟ್ಟಿಯ ಬಳಿ ನೋಡಿದಾಗ ನಗಲಿಲ್ಲ, ಮರುಗಿದಳು. "ಅಯ್ಯೋ ಪಾಪ, ಕಂಬಳಿ ಹೊದಿಸಿ ಕಳಿಸಿದಾರಲ್ಲೋ ಇದನ್ನ." ಅಂದಿನಿಂದ ನಮ್ಮವರಿಗೆಲ್ಲ ಅವನು ಕಂಬಳಿರಾಯನೇ.

ಕಂಬಳಿರಾಯ ಪಟ್ಟ ಪಾಡನ್ನು ಆಕೆ ಮೇಲಿನಿಂದ ನೋಡಿದಳು. ಬೆಳಗ್ಗೆ ಹತ್ತಕ್ಕೆಲ್ಲ ಅವನ ನಾಲಗೆ ಹೊರಗೆ. ತೊಟ್ಟಿಯಿಂದ ತುಳುಕಿದ ಕೆಸರಲ್ಲಿ ಕುತ್ತಿಗೆ ಊರಿ ಗಂಟೆಗಟ್ಟಲೆ ಮಲಗುತ್ತಿದ್ದ. ಬೇಟೆಗೆ ಪೊದೆಗೆ ನುಗ್ಗಿದರೆ ಕೊಕ್ಕೆ ಮುಳ್ಳುಗಳು ಕೇಸರ ಹಿಡಿದು ಎಳೆಯುತ್ತಿದ್ದವು; ಜೀಬ್ರಾ ಅಷ್ಟರಲ್ಲಿ ಧೂಳಾಗಿ ಹೋಗಿರುತ್ತಿತ್ತು. ಬೇಟೆ ಸಿಗದವನಿಗೆ ದನ ಸುಲಭ. ಮಲೆಂಬಾಳ ಸ್ವಂತ ತಮ್ಮ ನ್ಯಾಂಬುವಿನ ದೊಡ್ಡಿಗೇ ನುಗ್ಗಿ ಒಂದು ಕಡಸು, ಒಂದು ಹೋರಿ ಮುಗಿಸಿದ. ನ್ಯಾಂಬು ಸಂತೆಯಲ್ಲಿ ಎಲ್ಲರೆದುರು ಎದೆ ತಟ್ಟಿಕೊಂಡು, "ಅವನ ಚರ್ಮದ ಮೇಲೆ ಕೂತು ಉಗಾಲಿ ಮುದ್ದೆ ಉಣ್ಣದಿದ್ರೆ ನಾನು ನಮ್ಮಪ್ಪನ ಮಗನೇ ಅಲ್ಲ!" ಎಂದು ಕೂಗಾಡಿದ. ಕೂಗಿದ್ದನ್ನು ಸಂತೆಯವರೆಲ್ಲ ಕೇಳಿದರು.

ಮೊದಲ ಬೇಸಗೆ ಕಳೆಯುವಷ್ಟರಲ್ಲಿ ಕಂಬಳಿಯ ಅಂಚು ಕಿತ್ತುಹೋಗಿತ್ತು. ಹೊಟ್ಟೆಯ ಕೆಳಗಿನ ಕೂದಲು ಉದುರಿತು. ಹೊಸದಾಗಿ ಬಂದದ್ದು ಗಿಡ್ಡ, ಬಣ್ಣದಲ್ಲೂ ಮಾಸಲು. ಜುಲೈಯ ತಂಪಿಗೆ ಸ್ವಲ್ಪ ಚಿಗುರಿದ್ದು ಫೆಬ್ರುವರಿಗೆ ಮತ್ತೆ ಹೋಯಿತು. ಎರಡನೆಯ ಮಳೆಗಾಲದಲ್ಲಿ ಅವನು ರೈಲುಹಳಿ ದಾಟಿ ಆಚೆ ಹೋದ. ತೊಟ್ಟಿಗೆ ಬರುವುದು ನಿಂತಿತು. ಪಟ್ಟಿಯ ಬ್ಯಾಟರಿಯೂ ಸತ್ತು ಇಲಾಖೆಯವರಿಗೆ ಸುಳಿವು ತಪ್ಪಿತು. ಲಾಡ್ಜಿನವರು ದಿನಾ ಹುಡುಕಿದರು. ಕಪ್ಪು ಕೇಸರದ ಸಿಂಹ ಎಲ್ಲೂ ಕಾಣಲಿಲ್ಲ. ಒಂದೂವರೆ ವರ್ಷವಾಯಿತು.

ಆಗ ಇಲಾಖೆಗೆ ಹೊಸ ಅಧಿಕಾರಿ ಬಂದ, ಕಿಪ್ರೊನೊ ಎಂದು. ಚಹಾ ತೋಟಗಳ ಎತ್ತರದ ಸೀಮೆಯವನು, ಶಿಸ್ತಿನ ಮನುಷ್ಯ. ದೊಡ್ಡಿಗಳ ಬೇಲಿ ಪರೀಕ್ಷೆಗೆಂದು ನ್ಯಾಂಬುವಿನಲ್ಲಿಗೆ ಹೋದವನು ಹೋರಿಯ ಕೊರಳಲ್ಲಿ ಗಂಟೆ ಕಟ್ಟಿದ್ದ ದಪ್ಪ ಪಟ್ಟಿಯನ್ನು ನೋಡಿದ. ಸಿಂಹದ ರೇಡಿಯೋ ಪಟ್ಟಿ! ದೊಡ್ಡಿಯ ಬಾಗಿಲಿಗೆ ಕತ್ತೆಕಿರುಬ ಹೆದರಲೆಂದು ಕಟ್ಟಿದ್ದ ಕಪ್ಪು ಕೂದಲಿನ ಕಂತೆಯೂ ಸಿಕ್ಕಿತು. ಸಂತೆಯ ಮಾತು ಹೇಗೂ ಊರಿಗೆಲ್ಲ ಗೊತ್ತಿತ್ತು. ಮಧ್ಯಾಹ್ನದೊಳಗೆ ನ್ಯಾಂಬುವಿನ ಕೈಗೆ ಬೇಡಿ ಬಿತ್ತು. ಸಿಂಹ ಕೊಂದವನಿಗೆ ನಮ್ಮಲ್ಲಿ ಶಿಕ್ಷೆ ಸಣ್ಣದಲ್ಲ. ಹೋದವನು ಮುದುಕನಾಗಿ ಬರಬೇಕು.

ನಾನೇ ಮಲೆಂಬಾಳನ್ನು ಪೇಟೆಯ ಜೈಲಿಗೆ ಕರೆದುಕೊಂಡು ಹೋದೆ. ಕಂಬಿಯಾಚೆ ನ್ಯಾಂಬು ಒಂದೇ ವಾರಕ್ಕೆ ಸೊರಗಿದ್ದ.

"ಅಕ್ಕಾ, ಅಪ್ಪನಾಣೆ, ಪಟ್ಟಿ ನಂಗೆ ಮುಳ್ಳುಪೊದೆಲಿ ಸಿಕ್ತು. ಕೂದ್ಲೂ ಅಷ್ಟೇ, ಬೇಲಿಲಿ ಸಿಕ್ಕಾಕ್ಕೊಂಡಿದ್ದನ್ನ ಬಿಡಿಸಿ ಕಟ್ಟಿದ್ದೆ."

"ಸಿಕ್ದಾಗ ಪಟ್ಟಿ ಹರಿದಿತ್ತಾ, ಇಡಿಯಾಗಿತ್ತಾ?"

"ಇಡೀ. ಬಳೆ ಹಂಗೆ. ಬೋಲ್ಟು ಬಿಗಿದಂಗೇ ಇತ್ತು. ನಾನೇ ಬಿಚ್ಚಿ ಹೋರಿಗೆ ಕಟ್ಟಿದ್ದು."

ಮಲೆಂಬಾ ಎರಡೂ ಕೈಯಲ್ಲಿ ಗಾಳಿಯಲ್ಲೇ ಪಟ್ಟಿಯ ಸುತ್ತಳತೆ ಹಿಡಿದು ನೋಡಿದಳು. ಆಮೇಲೆ ತಮ್ಮನಿಗೆ, "ಸಂತೇಲಿ ಬಾಯಿ ಬಡ್ಕೊಂಡಿದ್ದಕ್ಕೆ ಇನ್ನೂ ಸ್ವಲ್ಪ ದಿನ ಇಲ್ಲೇ ಬಿದ್ದಿರು. ಬಂದು ಬಿಡಿಸ್ಕೊಂಡು ಹೋಗ್ತೀನಿ" ಎಂದಳು. ಹೊರಗೆ ಬಂದು ನನ್ನ ತೋಳು ಹಿಡಿದಳು. "ಲೋ, ಪಟ್ಟಿ ಬಿಗಿದಾಗ ಒಳಗೆ ಒಂದು ಮೊಳ ಕೂದ್ಲಿತ್ತು. ಕೂದ್ಲು ಹೋದ್ರೆ ಪಟ್ಟಿ ಸಡಿಲ. ಮುಳ್ಳಿಗೆ ಕತ್ತು ತಿಕ್ಕಿದಾನೆ, ತಲೆ ಮೇಲಿಂದ ಜಾರಿದೆ. ಕಂಬಳಿರಾಯ ಬದುಕಿದಾನೆ ಕಣೋ!"

ಕಿಪ್ರೊನೊ ತನ್ನ ಆಫೀಸಿನಲ್ಲಿ ಆಕೆಗೆ ಕುರ್ಚಿ ಕೊಟ್ಟ, ಚಹಾ ಕೊಟ್ಟ, ನಂಬಿಕೆಯೊಂದನ್ನು ಬಿಟ್ಟು ಎಲ್ಲವನ್ನೂ ಕೊಟ್ಟ. "ತಾಯಿ, ತಲೆ ಕತ್ತರಿಸಿದ್ರೂ ಪಟ್ಟಿ ಇಡಿಯಾಗೇ ಬರುತ್ತೆ. ಅಷ್ಟು ದೊಡ್ಡ ಕಪ್ಪು ಕೇಸರದ ಸಿಂಹ, ಬದುಕಿದ್ರೆ ಯಾರ ಕಣ್ಣಿಗೂ ಬೀಳಲ್ವಾ?"

"ಕೇಸರ ಹುಡುಕಿದ್ರೆ ಬೀಳಲ್ಲ ಸಾಹೇಬ್ರೇ. ಸಿಂಹ ಹುಡುಕ್ಬೇಕು."

"ಮುಂದಿನ ವಿಚಾರಣೆಗೆ ಇಪ್ಪತ್ತೊಂದು ದಿನ ಇದೆ. ಸಿಂಹ ತೋರ್ಸಿ, ನಾನೇ ಕೇಸು ವಾಪಸ್ ತಗೋತೀನಿ."

"ಮಾತು ಕೊಟ್ರಲ್ಲಾ?" ಎಂದು ಆಕೆ ಎದ್ದಳು. ಚಹಾ ಮುಟ್ಟಿರಲಿಲ್ಲ.

ಪಂಪನ್ನು ತನ್ನ ಓರಗಿತ್ತಿಗೆ ಒಪ್ಪಿಸಿ ಮಲೆಂಬಾ ನನ್ನ ಟ್ಯಾಂಕರ್ ಹತ್ತಿದಳು. ಹೇಗೂ ರೈಲುಹಳಿಯಾಚೆಯ ದೊಡ್ಡಿಗಳಿಗೆ ನಾನೇ ನೀರು ಹಾಕುವವನು. ನೀರು ಹಾಕುವುದರ ಜೊತೆಗೆ ಹುಡುಕಾಟವೂ ಆಗಲಿ ಎಂದು ಸೊಸೈಟಿಯ ಅಧ್ಯಕ್ಷರು ಹೂಂ ಅಂದರು. ದುರ್ಬೀನಿಗಾಗಿ ಒಮೊಲ್ಲೊನ ಬಳಿ ಹೋದೆವು. ಕೊಡುವಾಗ ಅವನು, "ಸುಲ್ತಾನನ ದೆವ್ವ ಸಿಕ್ರೆ ನನ್ನ ನಮಸ್ಕಾರ ಹೇಳಕ್ಕಾ" ಎಂದು ಹಲ್ಲು ಕಿರಿದ. "ನಮಸ್ಕಾರ ನೀನೇ ಬಂದು ಹೇಳುವಿಯಂತೆ, ಬಟ್ಟೆ ಒಗೆಸಿಟ್ಕೋ" ಎಂದಳು ಈಕೆ.

ಒಂಬತ್ತು ದಿನ ತಿರುಗಿದೆವು. ನಾನು ಕ್ಯಾಬಿನ್ನಿನಲ್ಲಿ, ಆಕೆ ಟ್ಯಾಂಕಿನ ಮೇಲೆ, ತಲೆಗೆ ಲುಂಗಿ ಸುತ್ತಿಕೊಂಡು, ಕೆಂಪು ಧೂಳಿನಲ್ಲಿ ಮಿಂದು. ಸಿಂಹ ಕಂಡರೆ ಎರಡು ಸಲ ತಗಡು ಬಡಿಯಬೇಕು, ನಾನು ಎಂಜಿನ್ನು ಆರಿಸಬೇಕು. ಆಮೇಲೆ ಆಕೆ ದುರ್ಬೀನು ಹಿಡಿದು ಕೂತರೆ ಕೂತಳೇ. ಪ್ರಾಣಿ ಇತ್ತ ಕೆನ್ನೆ, ಅತ್ತ ಕೆನ್ನೆ ತೋರಿಸುವವರೆಗೂ ನಾನು ಒಲೆಯ ಮೇಲಿನ ರೊಟ್ಟಿ.

"ಇದು ಹೆಣ್ಣಲ್ವೇನಕ್ಕಾ?" ಎಂದು ಮೂರನೆಯ ದಿನ ಪಿಸುಗುಟ್ಟಿದೆ.

"ಹಿಂದ್ಗಡೆ ನೋಡೋ ಕುರುಡ! ಹಣೆ ನೋಡು, ಪಾದ ನೋಡು. ಗಂಡು. ಆದ್ರೆ ನಮ್ಮೋನಲ್ಲ. ಬಲಗೆನ್ನೇಲಿ ಒಂದೇ ಚುಕ್ಕಿ."

ಹೀಗೆ ಒಂದಾದ ಮೇಲೊಂದು. ಲಾಡ್ಜಿನವರೂ ಇಲಾಖೆಯವರೂ ಹೆಣ್ಣೆಂದು ಬರೆದುಕೊಂಡಿದ್ದ ಎಷ್ಟೋ ಸಿಂಹಗಳು ಗಂಡಾಗಿ ಎದುರು ಬಂದವು. ಗುಡ್ಡದ ನೆರಳಿನ ತಂಪು ಕಣಿವೆಯಲ್ಲಿದ್ದವಕ್ಕೆ ಕುತ್ತಿಗೆ ಸುತ್ತ ಒಂದಿಷ್ಟು ಕೂದಲು. ಬಯಲಿನ ಕಾದ ಮುಳ್ಳುಗಾಡಿನಲ್ಲಿದ್ದವು ಬೋಳು. ಒಂದೇ ಗುಂಪಿನ ಅಣ್ಣತಮ್ಮಂದಿರಲ್ಲೂ ಈ ವ್ಯತ್ಯಾಸವಿತ್ತು. ಮಲೆಂಬಾ ಒಂದೊಂದರ ಚುಕ್ಕಿಯನ್ನೂ ನಾರಿನ ಎಳೆಗೆ ಗಂಟು ಹಾಕಿ ಗುರುತು ಮಾಡಿಟ್ಟುಕೊಂಡಳು. ಏಳು ಗಂಡು ನೋಡಿದೆವು. ಏಳೂ ಬೇರೆ. ಎಂಟನೆಯ ದಿನ ಸಂಜೆ ನಾನೇ ಸೋತು, "ಅಕ್ಕಾ, ಅಕಸ್ಮಾತ್ ಸತ್ತೇ ಹೋಗಿದ್ರೆ?" ಎಂದುಬಿಟ್ಟೆ. ಆಕೆ ಸಿಟ್ಟಾಗಲಿಲ್ಲ. ಮಂಡಿಯ ಮೇಲೆ ಗಲ್ಲ ಊರಿ, "ನ್ಯಾಂಬು ಹುಟ್ಟಿದಾಗ ಅಮ್ಮನಿಗೆ ಹಾಲಿರ್ಲಿಲ್ಲ. ಮೇಕೆ ಹಾಲು ಬಟ್ಟೇಲಿ ಅದ್ದಿ ಚೀಪಿಸಿದೀನಿ ಅವನಿಗೆ. ಸುಳ್ಳು ಹೇಳಿದ್ರೆ ಅವನ ಕಿವಿ ಕೆಂಪಾಗುತ್ತೆ. ಅವತ್ತು ಕೆಂಪಾಗ್ಲಿಲ್ಲ" ಎಂದಳು.

ಮರುದಿನ ಬೆಳಗ್ಗೆ ನೀರು ಹಾಕುವಾಗ ದನ ಕಾಯುವ ಮುದುಕಿಯೊಬ್ಬಳು ಒಂದು ಮಾತು ಹೇಳಿದಳು. ಬತ್ತಿದ ಹೊಳೆಯ ತಿರುವಿನಲ್ಲಿ ಆನೆಗಳು ತೋಡಿದ ನೀರ ಗುಂಡಿ ಇದೆ. ಅಲ್ಲಿಗೆ ಬರುವ ಒಂದು ಬೋಳು ಗಂಡಿಗೆ ಹುಚ್ಚು. "ನೀರು ಕುಡಿಯೋಕೆ ಮುಂಚೆ ಕುತ್ತಿಗೆ ಅದ್ದಿಕೊಂಡು ಮಲಗ್ತಾನೆ ಕಣಮ್ಮ. ನಮ್ಮ ಕಡೆ ಸಿಂಹ ಯಾವುದೂ ಹಂಗೆ ಮಾಡಲ್ಲ."

ಮಲೆಂಬಾ ನೀರಿನ ಪೈಪು ಕೈಬಿಟ್ಟಳು. ಮುದುಕಿಯ ಕಾಲೆಲ್ಲ ಒದ್ದೆ.

ಹನ್ನೊಂದು ಗಂಟೆಯ ಸುಮಾರಿಗೆ ಹೊಳೆಯ ದಂಡೆ ತಲುಪಿದೆವು. ಮರಳು ಬೆಳ್ಳಗೆ ಉರಿಯುತ್ತಿತ್ತು. ಹಲ್ಲುಜ್ಜುವ ಕಡ್ಡಿ ಮುರಿಯುತ್ತೇವಲ್ಲ, ಆ ಜಾತಿಯ ಪೊದೆಗಳ ನೆರಳಲ್ಲಿ ಎರಡು ಹೆಣ್ಣು, ಅವುಗಳ ಹೊಟ್ಟೆಗೆ ಅಂಟಿಕೊಂಡು ಐದು ಮರಿ, ಅರ್ಧ ತಿಂದ ಜೀಬ್ರಾ. ನಲವತ್ತು ಹೆಜ್ಜೆ ದೂರದಲ್ಲಿ ಗುಂಡಿಯ ಕೆಸರಿನಲ್ಲಿ ಕುತ್ತಿಗೆ ಊರಿ ಮಲಗಿದ್ದ ಒಂದು ಗಂಡು. ದೇಹ ಭಾರಿ, ಚೆನ್ನಾಗಿ ತಿಂದ ಮೈ. ಕುತ್ತಿಗೆ ಮಾತ್ರ ಹೆಣ್ಣಿನಂತೆ ನುಣುಪು; ಕಿವಿಯ ಹಿಂದೆ ಒಂದು ಗೆರೆ, ಎದೆಯಲ್ಲಿ ಒಂದು ಹಿಡಿಯಷ್ಟು ಕಂದು ಕುಚ್ಚು, ಅಷ್ಟೇ. ಇದಾ ನಮ್ಮ ಕಂಬಳಿರಾಯ? ಇದು ತ್ಸಾವೊದಲ್ಲೇ ಹುಟ್ಟಿ ಬೆಳೆದದ್ದು, ಸಂದೇಹವೇ ಇಲ್ಲ ಎಂದುಕೊಂಡೆ.

ಪ್ರಾಣಿ ತಲೆ ಎತ್ತಿ ಎಡಕ್ಕೆ ತಿರುಗಿತು. ಒಂದು ಮರಿ ಬಂದು ಅದರ ಬಾಲ ಕಚ್ಚಿದ್ದಕ್ಕೆ ಬಲಕ್ಕೂ ತಿರುಗಿತು. ಕಿಟಕಿಯಿಂದ ತಲೆ ಹೊರಹಾಕಿ ಮೇಲೆ ನೋಡಿದೆ. ಮಲೆಂಬಾ ದುರ್ಬೀನು ಇಳಿಸಿದ್ದಳು. ಧೂಳು ಮೆತ್ತಿದ ಕೆನ್ನೆಯ ಮೇಲೆ ಎರಡು ಒದ್ದೆ ಗೆರೆ.

"ಎಡಗಡೆ ಎರಡು," ಎಂದು ಉಸಿರಿನಲ್ಲೇ ಹೇಳಿದಳು. "ಬಲಗಡೆ ಮೂರು. ಮೂರನೇದು ಜಗಳ ಆಡ್ಕೊಂಡೋನ ಹಂಗೆ ದೂರ ಕೂತಿದೆ. ಅವನೇ ಕಣೋ ತಮ್ಮಾ. ಅವನೇ!"

ದುರ್ಬೀನಿನ ಗಾಜಿಗೆ ನನ್ನ ಫೋನು ಒತ್ತಿ ಹಿಡಿದು ಮೂವತ್ತನಾಲ್ಕು ಫೋಟೋ ತೆಗೆದೆವು. ಮೂರು ಚೆನ್ನಾಗಿ ಬಂದವು. ಹಳಿ ದಾಟಿ ಈಚೆ ಬಂದ ಮೇಲೆ ಆಕೆ ಟ್ಯಾಂಕಿನ ಮೇಲೆ ಎದ್ದು ನಿಂತು, ನಮ್ಮ ಹೆಂಗಸರು ಮದುವೆಯಲ್ಲಿ ನಾಲಗೆ ಕುಣಿಸಿ ಊಳಿಡುತ್ತಾರಲ್ಲ, ಹಾಗೆ ಊಳಿಟ್ಟ ಸದ್ದಿಗೆ ಹೊಲದಲ್ಲಿದ್ದವರೆಲ್ಲ ಏನೋ ಹಬ್ಬವೆಂದು ಓಡಿಬಂದರು.

ಆ ಮಧ್ಯಾಹ್ನವೇ ಕಿಪ್ರೊನೊನನ್ನು ಲಾಡ್ಜಿಗೆ ಕರೆಸಿದೆವು. ಆಳೆತ್ತರದ ಫೋಟೋದ ಮುಂದೆ ನಿಂತು ಅವನು ಫೋನು ನೋಡಿದ, ಸುಲ್ತಾನನನ್ನು ನೋಡಿದ, ತಲೆ ಆಡಿಸಿದ.

"ತಾಯಿ, ಬೇಜಾರ್ ಮಾಡ್ಕೋಬೇಡಿ. ಇದು ಇಲ್ಲಿಯ ಸಿಂಹ. ಇದಕ್ಕೆ ಕೇಸರವೇ ಇಲ್ಲ."

"ನೀವು ಇಲ್ಲಿಗೆ ಬಂದು ಮೂರು ತಿಂಗಳಾಯ್ತಲ್ಲ, ಬಂದಾಗ ಹಾಕ್ಕೊಂಡಿದ್ದ ಉಣ್ಣೆ ಸ್ವೆಟರು ಎಲ್ಲಿ ಸಾಹೇಬ್ರೇ?"

ಸುತ್ತ ನಿಂತ ಅಡುಗೆಯವರು ಕಿಸಕ್ಕನೆ ನಕ್ಕರು. ಕಿಪ್ರೊನೊ ಅಂಗಿಯ ಕಾಲರು ಸರಿಮಾಡಿಕೊಂಡ.

"ಕೂದ್ಲು ಬಿಡಿ, ಮೀಸೆ ಬುಡ ನೋಡಿ," ಎಂದಳು ಮಲೆಂಬಾ. ಅಂಗಡಿಯ ಗೋಡೆಯಲ್ಲಿ ಮೂರು ವರ್ಷದಿಂದ ತೂಗುತ್ತಿದ್ದ ಬುಟ್ಟಿಯೊಂದನ್ನು ಇಳಿಸಿ ಅವನ ಕೈಗಿಟ್ಟಳು. "ಇದು ಅವನು ಬಂದ ತಿಂಗಳು ಹೆಣೆದದ್ದು. ಈಗ ನೀವೇ ಎಣಿಸಿ. ನಾನು ಬಾಯಿ ಬಿಡಲ್ಲ."

ಒಮೊಲ್ಲೊ ಓಡಿಹೋಗಿ ಭೂತಗನ್ನಡಿ ತಂದ. ಕಿಪ್ರೊನೊ ದೊಡ್ಡ ಫೋಟೋದ ಮೇಲೆ ಬೆರಳಿಟ್ಟು ಎಣಿಸಿದ. ಬುಟ್ಟಿ ತಿರುಗಿಸಿ ಎಣಿಸಿದ. ಫೋನಿನಲ್ಲಿ ಹಿಗ್ಗಿಸಿ ಎಣಿಸಿದ. ಮತ್ತೆ ಮೊದಲಿನಿಂದ. ಕೊನೆಗೆ ಅವನು ಟೋಪಿ ತೆಗೆದು ಮೇಜಿನ ಮೇಲಿಟ್ಟ.

"ಎಡಗಡೆ ಎರಡು," ಎಂದ. "ಬಲಗಡೆ ಮೂರು."

"ಮೂರನೇದು?"

"ಮೂರನೇದು ದೂರ. ದೇವರೇ, ಇದು ಅವನೇ."

ಕಿಪ್ರೊನೊ ನೇರ ಮನುಷ್ಯ ಎಂದು ಆಗಲೇ ಗೊತ್ತಾದದ್ದು. ಕೋರ್ಟಿಗೆ ಚುಕ್ಕಿ ಸಾಲದು, ರಕ್ತದ ಸಾಕ್ಷಿಯೂ ಇರಲಿ ಎಂದು ತಾನೇ ಓಡಾಡಿದ. ಬೆಟ್ಟದಿಂದ ತರುವಾಗ ತೆಗೆದಿದ್ದ ರಕ್ತದ ಮಾದರಿ ಇಲಾಖೆಯಲ್ಲಿತ್ತು. ಪಶುವೈದ್ಯರನ್ನು ಕರೆತಂದು, ಹೊಳೆಯ ತಿರುವಿನಲ್ಲಿ ಕಂಬಳಿರಾಯನಿಗೆ ಮತ್ತಿನ ಸೂಜಿ ಹೊಡೆಸಿದ. ಪ್ರಾಣಿ ಮಲಗಿದ ಮೇಲೆ ಮಲೆಂಬಾಳನ್ನೂ ಹತ್ತಿರ ಬಿಟ್ಟರು. ಹತ್ತೊಂಬತ್ತು ವರ್ಷ ಮೇಲಿನಿಂದ ನೋಡಿದವಳು ಮೊದಲ ಬಾರಿಗೆ ಸಿಂಹದ ಪಕ್ಕ ಮಂಡಿಯೂರಿದಳು. ಬರಿದಾದ ಕುತ್ತಿಗೆಯ ಮೇಲೆ ಅಂಗೈ ಇಟ್ಟಳು. ಕೆಳಗೆ ರಕ್ತ ಬಡಿಯುವುದು ಕೈಗೆ ತಿಳಿಯುತ್ತಿತ್ತಂತೆ. "ಬಿಸಿ ಹೊರಗೆ ಹೋಗೋಕೆ ದಾರಿಯಾಗಿದೆ," ಎಂದು ವೈದ್ಯರಿಗೆ ಹೇಳಿದಳು. "ಅದಕ್ಕೇ ಈಗ ಜೀಬ್ರಾ ಹಿಡೀತಾನೆ, ದನಕ್ಕೆ ಬರಲ್ಲ." ವೈದ್ಯರು ಬರೆದುಕೊಂಡರು.

ರಕ್ತ ಹೊಂದಿತು. ಇಪ್ಪತ್ತೊಂದನೆಯ ದಿನ ಕೋರ್ಟಿನಲ್ಲಿ ಕಿಪ್ರೊನೊ ಎದ್ದು ನಿಂತು, ಸತ್ತಿದೆಯೆಂದು ತಾನು ಬರೆದ ಸಿಂಹ ಬದುಕಿದೆ, ತಪ್ಪು ತನ್ನದು ಎಂದ. ಮ್ಯಾಜಿಸ್ಟ್ರೇಟರು ಫೋಟೋ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕನ್ನಡಕ ತೆಗೆದು, ಹಾಕಿ, ತೆಗೆದು, "ಈ ಗುರುತು ಹಿಡಿದದ್ದು ಯಾರು?" ಎಂದು ಕೇಳಿದರು. ಮಲೆಂಬಾ ಎದ್ದಳು. "ಏನು ಓದಿದೀರಿ?" ಎಂದರು. "ನಾಲ್ಕನೇ ಕ್ಲಾಸು, ಬುದ್ಧಿಯೋರೇ. ಆದ್ರೆ ಟ್ಯಾಂಕಿನ ಮೇಲೆ ಹತ್ತೊಂಬತ್ತು ವರ್ಷ." ಕೋರ್ಟಿನಲ್ಲಿ ನಗು ಎದ್ದಿತು, ಮ್ಯಾಜಿಸ್ಟ್ರೇಟರೂ ತಡೆಯಲಿಲ್ಲ. ನ್ಯಾಂಬು ಬಿಡುಗಡೆಯಾದ.

ಅವತ್ತು ನನ್ನ ಟ್ಯಾಂಕರಿನ ಮೇಲೆ ಎಷ್ಟು ಜನ ಹತ್ತಿದ್ದರೋ ಲೆಕ್ಕವಿಲ್ಲ. ದಾರಿಯುದ್ದಕ್ಕೂ ಹಾಡು. ಊರಿನಲ್ಲಿ ಹೆಂಗಸರು ಹುರುಳಿ, ಮರಗೆಣಸು ಕುಟ್ಟಿ ಹಂಡೆಗಟ್ಟಲೆ ಕಿಮಾಂಗಾ ಮಾಡಿದ್ದರು. ಕಬ್ಬಿನ ಹುಳಿಹೆಂಡ ಕೊಂಬಿನಲ್ಲಿ ಕೈಯಿಂದ ಕೈಗೆ ಹೋಗುತ್ತಿತ್ತು. ನ್ಯಾಂಬು ಅಕ್ಕನ ಕಾಲು ಹಿಡಿಯಲು ಬಗ್ಗಿದ. ಆಕೆ ಅವನ ಕಿವಿ ಹಿಡಿದು ಎಬ್ಬಿಸಿ, ಎಲ್ಲರೆದುರು, "ಇನ್ಮೇಲೆ ಸಂತೇಲಿ ಬಾಯಿ?" ಎಂದಳು. "ಬರೀ ತಿನ್ನೋಕೆ ಅಕ್ಕಾ!" ಎಂದು ಅವನು ಕೂಗಿದ್ದಕ್ಕೆ ಗುಡ್ಡವೇ ನಕ್ಕಂತಾಯಿತು. ಒಮೊಲ್ಲೊ ನಿಜವಾಗಿಯೂ ಒಗೆದ ಅಂಗಿ ತೊಟ್ಟು ಬಂದು ಮೂರು ಕೊಂಬು ಖಾಲಿ ಮಾಡಿದ.

ಮುಂದಿನ ತಿಂಗಳು ಇಲಾಖೆಯ ಸಭೆಗೆ ಮಲೆಂಬಾಳನ್ನು ಕರೆದರು. ನಮ್ಮ ಕಾವಲುಗಳ ಸೀಮೆಯಲ್ಲಿ ನಾಲ್ಕೇ ಗಂಡು ಸಿಂಹ ಎಂದು ಅವರ ಪುಸ್ತಕ ಹೇಳುತ್ತಿತ್ತು. ಆಕೆ ಗಂಟು ಹಾಕಿದ ನಾರಿನ ಎಳೆಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಎತ್ತಿ ಹೇಳುತ್ತಾ ಹೋದಳು: ಇವನು ಗುಡ್ಡದ ನೆರಳಿನವನು, ಕುತ್ತಿಗೆ ತುಂಬ ಕೂದಲು, ಇವನು ಅವನ ತಮ್ಮ, ಬಯಲಿನವನು, ಬೋಳು, ಇವನನ್ನು ನೀವು ಏಳು ವರ್ಷದಿಂದ ಹೆಣ್ಣು ಅಂತ ಬರ್ಕೊಂಡಿದೀರಿ, ಅವನಿಗೆ ಗೊತ್ತಾದ್ರೆ ಬೇಜಾರಾದೀತು. ತನ್ನ ತೊಟ್ಟಿಗೆ ಬರುವ ಮೂವರನ್ನೂ ಸೇರಿಸಿ ಹನ್ನೊಂದಕ್ಕೆ ಬಂದು ನಿಲ್ಲಿಸಿದಳು. ಹನ್ನೊಂದೂ ಆಮೇಲೆ ಪರೀಕ್ಷೆಯಲ್ಲಿ ಸರಿಯಾದವು. 'ಕೇಸರ ಇದ್ದರೆ ಗಂಡು' ಎಂಬ ಸಾಲನ್ನು ಎಣಿಕೆಯ ಕಾಗದದಿಂದ ಕಿಪ್ರೊನೊ ತಾನೇ ಹೊಡೆದುಹಾಕಿ, ಅಲ್ಲಿ ಎರಡು ಕೆನ್ನೆಯ ಚಿತ್ರ ಹಾಕಿಸಿದ. ಈಗ ಆ ಕಾಗದ ಐದು ಕಾವಲುಗಳಲ್ಲಿ ಓಡಾಡುತ್ತಿದೆ.

ವರ್ಷಕ್ಕೆರಡು ಸಲ ಹೊಸ ಕಾವಲುಗಾರರನ್ನು ಆಕೆಯ ಬಳಿ ಕಲಿಯಲು ಕಳಿಸುತ್ತಾರೆ. ಮೊನ್ನೆ ಬಂದ ಹದಿನಾಲ್ಕು ಜನರಲ್ಲಿ ಬೆಟ್ಟದ ಸೀಮೆಯ ಹುಡುಗಿಯೊಬ್ಬಳಿದ್ದಳು, ಚೆಬೆಟ್ ಎಂದು. ನಾನು ನೀರಿಗೆ ಹೋದಾಗ ಅವಳು ಏಣಿಯ ಮೇಲೆ ಕೂತು ತೊಟ್ಟಿಯತ್ತ ದುರ್ಬೀನು ನೆಟ್ಟಿದ್ದಳು.

"ಹೆಣ್ಣು," ಎಂದಳು. ಮಲೆಂಬಾ ಬುಟ್ಟಿಗೆ ಇನ್ನೊಂದು ಸಾಲು ಹೆಣೆದಳು. ಹುಡುಗಿ ಮತ್ತೆ ನೋಡಿದಳು, ಈ ಸಲ ಬಹಳ ಹೊತ್ತು. "ಅಲ್ಲ. ಗಂಡು. ಚಿಕ್ಕವನು. ಎಡಗಡೆ ಮೂರು, ಬಲಗಡೆ ಎರಡು. ನಿಮ್ಮ ಪಟ್ಟೀಲಿ ಇವನಿಲ್ಲ ಆಂಟಿ."

ಮಲೆಂಬಾ ದುರ್ಬೀನು ಇಸಿದುಕೊಂಡು ನೋಡಿದಳು. ಮುಖ ಅರಳಿತು.

"ಹೌದಲ್ಲೇ! ಹನ್ನೆರಡನೆಯವನು. ಬರ್ಕೋ, ನಿನ್ನ ಹೆಸರಲ್ಲೇ ಬರ್ಕೋ," ಎಂದು ಹುಡುಗಿಯ ಬೆನ್ನಿಗೆ ಬಲವಾಗಿ ಒಂದು ಕೊಟ್ಟಳು.